ಬ್ಯಾಟಿಂಗ್ ಸರಾಸರಿಯಲ್ಲಿ ಅದೃಷ್ಟದ ಪಾಲು

ಎಲ್ಲರಿಗೂ ನಮಸ್ಕಾರ. ಅಮೆರಿಕದ ಬೇಸ್‌ಬಾಲ್ ದಾಖಲೆಗಳಲ್ಲಿ ನನ್ನನ್ನು ಬಹುಕಾಲದಿಂದ ಕಾಡುತ್ತಿರುವ ಒಂದು ಸಾಲಿದೆ. ಇಂದಿನ ಮಾತನ್ನು ಅಲ್ಲಿಂದಲೇ ಆರಂಭಿಸುತ್ತೇನೆ. ಕ್ರಿಸ್ ಡೇವಿಸ್ ಎಂಬ ಬ್ಯಾಟರ್ 2015ರಲ್ಲಿ ಮಿಲ್ವಾಕೀ ಬ್ರೂವರ್ಸ್ ತಂಡಕ್ಕೆ ಆಡಿ 0.247 ಸರಾಸರಿ ಗಳಿಸಿದರು. ಮರುವರ್ಷ ಅವರು ಓಕ್‌ಲ್ಯಾಂಡ್ ಅಥ್ಲೆಟಿಕ್ಸ್ ತಂಡಕ್ಕೆ ಬಂದರು. ಆ ವರ್ಷವೂ ಅವರ ಸರಾಸರಿ 0.247. 2017ರಲ್ಲಿ 0.247, 2018ರಲ್ಲಿ ಮತ್ತೆ 0.247. ಊರು ಬದಲಾಯಿತು, ಮೈದಾನ ಬದಲಾಯಿತು, ಎದುರಿಗೆ ನಿಂತು ಚೆಂಡೆಸೆದ ಪಿಚರ್‌ಗಳು ಬದಲಾದರು. ಮೂರನೆಯ ದಶಮಾಂಶದ ಅಂಕಿ ಮಾತ್ರ ಅಲುಗಲಿಲ್ಲ. ಇದನ್ನು ನೋಡಿದ ಯಾರಿಗಾದರೂ ಈ ಮನುಷ್ಯನ ಕೌಶಲದ ಅಳತೆ ಕರಾರುವಾಕ್ಕಾಗಿ 0.247 ಎಂದೇ ಅನ್ನಿಸುತ್ತದೆ. ಆದರೆ ಲೆಕ್ಕ ಹಾಕಿ ನೋಡಿದರೆ ನಾಲ್ಕು ವರ್ಷ ಒಂದೇ ಅಂಕಿ ಬಂದದ್ದು ಶುದ್ಧ ಕಾಕತಾಳೀಯ ಎಂಬುದು ಗೊತ್ತಾಗುತ್ತದೆ. ಕೌಶಲ ಒಂದಿಷ್ಟೂ ಬದಲಾಗದ ಬ್ಯಾಟರ್‌ನ ಸರಾಸರಿ ಕೂಡ ವರ್ಷದಿಂದ ವರ್ಷಕ್ಕೆ ಇದಕ್ಕಿಂತ ಎಷ್ಟೋ ಹೆಚ್ಚು ತೂಗಾಡಬೇಕು. ಅದು ಏಕೆ ತೂಗಾಡಬೇಕು, ಎಷ್ಟು ತೂಗಾಡಬೇಕು ಎಂಬುದೇ ಇಂದಿನ ವಿಷಯ.

ಮೊದಲು ಈ ಸರಾಸರಿ ಎಂದರೇನು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳೋಣ. ಕ್ರಿಕೆಟ್‌ನಲ್ಲಿ ಗಳಿಸಿದ ರನ್ನುಗಳನ್ನು ಔಟಾದ ಸಂಖ್ಯೆಯಿಂದ ಭಾಗಿಸುತ್ತೇವೆ. ಬೇಸ್‌ಬಾಲ್‌ನಲ್ಲಿ ಹಿಟ್‌ಗಳ ಸಂಖ್ಯೆಯನ್ನು ಬ್ಯಾಟಿಂಗ್ ಸರದಿಗಳ ಸಂಖ್ಯೆಯಿಂದ ಭಾಗಿಸಿ ಮೂರು ದಶಮಾಂಶಗಳವರೆಗೆ ಬರೆಯುತ್ತಾರೆ. ಚೆಂಡನ್ನು ಹೊಡೆದು, ಎದುರಾಳಿಗಳ ತಪ್ಪಿನ ನೆರವಿಲ್ಲದೆ, ಬ್ಯಾಟರ್ ಓಡಿ ಮುಟ್ಟಬೇಕಾದ ನೆಲೆಗಳಾದ ‘ಬೇಸ್’ಗಳಲ್ಲಿ ಕನಿಷ್ಠ ಮೊದಲನೆಯದನ್ನಾದರೂ ಮುಟ್ಟಿದರೆ ಅದು ಹಿಟ್. ನಾಲ್ಕು ಕೆಟ್ಟ ಎಸೆತಗಳಿಂದಾಗಿ ಸಿಗುವ ‘ವಾಕ್’ ಸರದಿಯ ಲೆಕ್ಕಕ್ಕೂ ಬರುವುದಿಲ್ಲ, ಹಿಟ್ಟಿನ ಲೆಕ್ಕಕ್ಕೂ ಬರುವುದಿಲ್ಲ. ಫೀಲ್ಡರ್ ಕೈತಪ್ಪಿ ಚೆಂಡು ಬಿಟ್ಟಾಗ ಅದು ಹಿಟ್ಟೋ ತಪ್ಪೋ ಎಂದು ತೀರ್ಮಾನಿಸುವವರು ಪಂದ್ಯದ ಅಧಿಕೃತ ಅಂಕಲೇಖಕರು. ಈ ನಿಯಮಗಳೂ ಎಂದೆಂದಿಗೂ ಹೀಗೆಯೇ ಇದ್ದವಲ್ಲ. 1887ರ ಒಂದು ಸೀಸನ್ನಿನಲ್ಲಿ ವಾಕ್‌ಗಳನ್ನೂ ಹಿಟ್ ಎಂದು ಎಣಿಸಿ, ಆಮೇಲೆ ಕೈಬಿಟ್ಟರು. ಬ್ಯಾಟರ್‌ನ ಅರ್ಹತೆಯ ತೂಕವೆಂದು ನಾವು ನಂಬಿರುವ ಅಂಕಿಯೊಳಗೆ ನಿಯಮ, ಮೈದಾನ, ಮೂರನೆಯವರ ತೀರ್ಪು ಎಲ್ಲವೂ ಬೆರೆತಿವೆ ಎಂಬುದನ್ನು ನೆನಪಿನಲ್ಲಿಡಬೇಕು.

ಈ ಮಾತಿನ ಉದ್ದಕ್ಕೂ ಅದೃಷ್ಟ ಎಂಬ ಪದವನ್ನು ನಾನು ಹಣೆಬರಹದ ಅರ್ಥದಲ್ಲಿ ಬಳಸುವುದಿಲ್ಲ. ಬ್ಯಾಟರ್‌ನ ಹಿಡಿತಕ್ಕೆ ಸಿಗದೆ ಈ ಸಲ ಒದಗಿ, ಮುಂದಿನ ಸಲ ಒದಗುತ್ತದೆಂದು ನೆಚ್ಚಿಕೊಳ್ಳಲಾಗದ ಯಾವುದನ್ನೇ ಆದರೂ ಅದೃಷ್ಟ ಎನ್ನುತ್ತೇನೆ. ಕೌಶಲ ಎಂದರೆ ಮರಳಿ ಮರಳಿ ಕಾಣಿಸಿಕೊಳ್ಳುವಂಥದ್ದು. ಸಂಖ್ಯಾಶಾಸ್ತ್ರಕ್ಕೆ ಇವೆರಡನ್ನು ಬೇರ್ಪಡಿಸಲು ಇರುವ ಮುಖ್ಯ ದಾರಿಯೇ ಇದು: ಇಂದು ಕಂಡದ್ದು ನಾಳೆಯೂ ಕಾಣುತ್ತದೆಯೇ ಎಂದು ತಾಳೆ ನೋಡುವುದು.

ಒಂದು ಚೀಲದಲ್ಲಿ 40 ಮಣಿಗಳಿವೆ, ಅವುಗಳಲ್ಲಿ 11 ಕೆಂಪು, ಉಳಿದವು ಬಿಳಿ ಎಂದು ಭಾವಿಸಿಕೊಳ್ಳಿ. ಕಣ್ಣುಮುಚ್ಚಿ ಒಂದು ಮಣಿಯನ್ನು ತೆಗೆದು, ಬಣ್ಣ ಬರೆದುಕೊಂಡು, ಮಣಿಯನ್ನು ಮತ್ತೆ ಚೀಲಕ್ಕೆ ಹಾಕಿ ಕುಲುಕಿ, ಹೀಗೆ 500 ಸಲ ಮಾಡಬೇಕು. ಕೆಂಪು ಬಂದರೆ ಹಿಟ್, ಬಿಳಿ ಬಂದರೆ ಔಟ್. ಈ ಚೀಲದ ‘ಕೌಶಲ’ 0.275, ಅದರಲ್ಲಿ ಏರಿಳಿತಕ್ಕೆ ಎಡೆಯೇ ಇಲ್ಲ, ಏಕೆಂದರೆ ಮಣಿಗಳನ್ನು ಎಣಿಸಿ ಹಾಕಿದವರು ನಾವೇ. ಒಬ್ಬ ಬ್ಯಾಟರ್‌ಗೆ ಒಂದು ಸೀಸನ್ನಿನಲ್ಲಿ ಸಿಗುವ ಸರದಿಗಳೂ ಹೆಚ್ಚುಕಡಿಮೆ 500. ಈಗ 150 ಜನ ಇಂಥದೇ 150 ಚೀಲಗಳನ್ನು ಹಿಡಿದು ಕುಳಿತಿದ್ದಾರೆ ಎಂದುಕೊಳ್ಳಿ. ಎಲ್ಲರ ಸರಾಸರಿಯೂ 0.275 ಬರುತ್ತದೆಯೇ? ಇಲ್ಲ. ಈ ಪ್ರಯೋಗದ ಮಾನಕ ವಿಚಲನೆ, ಎಂದರೆ ಅಂಕಿಗಳು ನಡುಬೆಲೆಯ ಸುತ್ತ ಚದುರುವ ಅಳತೆ, ಸುಮಾರು 0.020. ಅಂದರೆ ಮೂವರಲ್ಲಿ ಇಬ್ಬರ ಸರಾಸರಿ 0.255ರಿಂದ 0.295ರ ನಡುವೆ ಬೀಳುತ್ತದೆ, ಮೂರನೆಯವರದು ಅದರಾಚೆ ಹೋಗುತ್ತದೆ. 150 ಜನರಲ್ಲಿ ಮೂರು ನಾಲ್ಕು ಮಂದಿ 0.315 ದಾಟುತ್ತಾರೆ; ಅಷ್ಟೇ ಮಂದಿ 0.235ಕ್ಕಿಂತ ಕೆಳಗೆ ಜಾರುತ್ತಾರೆ. ಅಮೆರಿಕನ್ ಲೀಗ್, ನ್ಯಾಷನಲ್ ಲೀಗ್ ಎಂಬ ಎರಡು ಭಾಗಗಳಿರುವ, ಬೇಸ್‌ಬಾಲ್‌ನ ಅತ್ಯುನ್ನತ ಹಂತವಾದ ಮೇಜರ್ ಲೀಗ್‌ನಲ್ಲಿ 0.315 ಬಂದವರ ಹೆಸರು ಆ ವರ್ಷದ ಅತ್ಯುತ್ತಮ ಬ್ಯಾಟರ್‌ಗಳ ಪಟ್ಟಿಯಲ್ಲಿರುತ್ತದೆ, 0.235 ಬಂದವರಿಗೆ ತಂಡದಲ್ಲಿ ಸ್ಥಾನ ಉಳಿದೀತೆಂಬ ಖಾತ್ರಿ ಇರುವುದಿಲ್ಲ. ಚೀಲಗಳ ನಡುವೆ ಮಾತ್ರ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ನಿಜವಾದ ಆಟಗಾರರು ಒಂದೇ ಅಚ್ಚಿನ ಚೀಲಗಳಲ್ಲ, ಅದನ್ನು ನಾನು ಬಲ್ಲೆ. ಅವರ ನಡುವೆ ನಿಜವಾದ ಅಂತರ ಇದೆ. ಆದರೆ ನಿಯಮಿತವಾಗಿ ಆಡುವ ಬ್ಯಾಟರ್‌ಗಳನ್ನು ಮಾತ್ರ ತೆಗೆದುಕೊಂಡರೆ, ಸರಾಸರಿಯ ಮಟ್ಟಿಗೆ ಆ ನಿಜವಾದ ಅಂತರವೂ ಸ್ಥೂಲವಾಗಿ ಇದೇ 0.020ರ, ಬೇಸ್‌ಬಾಲ್ ಮಾತಿನಲ್ಲಿ ಇಪ್ಪತ್ತು ಅಂಕಗಳ, ಆಸುಪಾಸಿನ ಅಳತೆಯದು. ಹಾಗಾಗಿ ಒಂದು ಸೀಸನ್ನಿನ ಸರಾಸರಿಗಳ ಪಟ್ಟಿಯಲ್ಲಿ ಕಾಣುವ ಹೆಚ್ಚುಕಡಿಮೆಯಲ್ಲಿ ಅದೃಷ್ಟ ಮತ್ತು ಕೌಶಲ ಬಹುಮಟ್ಟಿಗೆ ಸಮಪಾಲು ಹಂಚಿಕೊಂಡಿರುತ್ತವೆ. 0.250ಕ್ಕೂ 0.300ಕ್ಕೂ ನಡುವಿನ ಅಂತರ 500 ಸರದಿಗಳಲ್ಲಿ 25 ಹಿಟ್‌ಗಳು. ಸೀಸನ್ನು ಸುಮಾರು ಇಪ್ಪತ್ತಾರು ವಾರ ನಡೆಯುತ್ತದೆ. ವಾರಕ್ಕೊಂದು ಚೆಂಡು ಫೀಲ್ಡರ್‌ನ ಕೈಗವಸಿನ ತುದಿಗೆ ಸಿಕ್ಕಿತೇ, ಅಥವಾ ಅಂಗೈಯಗಲ ಆಚೆ ಉರುಳಿತೇ ಎಂಬಷ್ಟರಲ್ಲಿ ಸಾಧಾರಣ ಬ್ಯಾಟರ್ ಎಂಬ ಹೆಸರೂ ಶ್ರೇಷ್ಠ ಬ್ಯಾಟರ್ ಎಂಬ ಹೆಸರೂ ನಿರ್ಧಾರವಾಗಿಬಿಡುತ್ತವೆ.

ಹಾಗಾದರೆ ಕೌಶಲ ಎಲ್ಲಿ ಅಡಗಿದೆ? ಸರಾಸರಿಯನ್ನು ಇಡಿಯಾಗಿ ನೋಡುವ ಬದಲು ಅದನ್ನು ಬಿಡಿಸಿ ನೋಡಿದರೆ ಕಾಣಿಸುತ್ತದೆ. ಬ್ಯಾಟರ್‌ನ ಒಂದು ಸರದಿ, ಹೊಡೆಯಬೇಕಾದ ಎಸೆತಗಳು ಮೂರು ಸಲ ತಪ್ಪಿ, ಸ್ಟ್ರೈಕ್ ಔಟ್‌ನಲ್ಲಿ ಮುಗಿಯಬಹುದು, ಚೆಂಡು ಅಂಗಳದ ಬೇಲಿ ದಾಟಿ ಹೋಮ್ ರನ್ ಆಗಬಹುದು, ಇಲ್ಲವೇ ಚೆಂಡು ಅಂಗಳದೊಳಗೆ ಬಿದ್ದು ಫೀಲ್ಡರ್‌ಗಳ ಪಾಲಿಗೆ ಬರಬಹುದು. ಮೊದಲ ಎರಡರಲ್ಲಿ ಫೀಲ್ಡರ್‌ಗಳಿಗೆ ಹೆಚ್ಚಿನ ಕೆಲಸವಿಲ್ಲ. ಸ್ಟ್ರೈಕ್ ಔಟ್‌ಗಳನ್ನೇ ನೋಡಿ: ಮೇಜರ್ ಲೀಗ್‌ನಲ್ಲಿ ನೂರಕ್ಕೆ ಹತ್ತು ಸಲವೂ ಸ್ಟ್ರೈಕ್ ಔಟ್ ಆಗದವರಿದ್ದಾರೆ, ಮೂವತ್ತಕ್ಕೂ ಹೆಚ್ಚು ಸಲ ಆಗುವವರಿದ್ದಾರೆ. ಅದೃಷ್ಟವೊಂದೇ ಆಟವಾಡಿದರೆ, ವಾಕ್‌ಗಳನ್ನೂ ಸೇರಿಸಿದ 600 ಸರದಿಗಳಲ್ಲಿ ಈ ಪ್ರಮಾಣ ಶೇಕಡ ಎರಡಕ್ಕಿಂತ ಕಡಿಮೆ ಅಲುಗಾಡುತ್ತದೆ. ಇಪ್ಪತ್ತು ಅಂಶಗಳ ಅಂತರದೆದುರು ಎರಡು ಅಂಶಗಳ ಅಲುಗಾಟ ಏನೇನೂ ಅಲ್ಲ. ಆದ್ದರಿಂದ ಒಬ್ಬ ಬ್ಯಾಟರ್ ಎಷ್ಟು ಸಲ ಸ್ಟ್ರೈಕ್ ಔಟ್ ಆಗುತ್ತಾನೆ ಎಂಬುದನ್ನು ಕೆಲವೇ ವಾರಗಳ ಆಟ ನೋಡಿ ಸಾಕಷ್ಟು ನಂಬಿಕೆಯಿಂದ ಹೇಳಬಹುದು. ಅವನ ಸರಾಸರಿಯ ಬಗ್ಗೆ ಅಷ್ಟೇ ನಂಬಿಕೆಯಿಂದ ಮಾತಾಡಬೇಕಾದರೆ ಒಂದು ಪೂರ್ತಿ ಸೀಸನ್ನೂ ಸಾಲುವುದಿಲ್ಲ.

ಏಕೆಂದರೆ ಮೂರನೆಯ ಬಗೆ, ಅಂಗಳಕ್ಕೆ ಬಿದ್ದ ಚೆಂಡು, ನಿಜಕ್ಕೂ ಗೋಜಲಿನದು. ಹೋಮ್ ರನ್ ಮತ್ತು ಸ್ಟ್ರೈಕ್ ಔಟ್‌ಗಳನ್ನು ಬಿಟ್ಟು, ಅಂಗಳಕ್ಕೆ ಬಿದ್ದ ಚೆಂಡುಗಳಲ್ಲಿ ಎಷ್ಟು ಹಿಟ್ ಆದವು ಎಂಬ ಲೆಕ್ಕಕ್ಕೆ ‘ಬ್ಯಾಬಿಪ್’ ಎನ್ನುತ್ತಾರೆ. ಲೀಗ್‌ನ ಒಟ್ಟು ಲೆಕ್ಕದಲ್ಲಿ ಅದು ವರ್ಷವರ್ಷವೂ 0.300ರ ಹತ್ತಿರವೇ ಇರುತ್ತದೆ. ವೋರೋಸ್ ಮೆಕ್‌ಕ್ರ್ಯಾಕೆನ್ ಎಂಬ ಉತ್ಸಾಹಿ ಸಂಶೋಧಕರು 2001ರ ಹೊತ್ತಿಗೆ ಪಿಚರ್‌ಗಳ ಅಂಕಿಗಳನ್ನು ಹೀಗೆಯೇ ಬಿಡಿಸಿ ನೋಡಿ, ಅಂಗಳಕ್ಕೆ ಬಿದ್ದ ಚೆಂಡು ಹಿಟ್ ಆಗದಂತೆ ತಡೆಯುವುದರಲ್ಲಿ ಮೇಜರ್ ಲೀಗ್ ಪಿಚರ್‌ಗಳ ನಡುವೆ ಬಹಳ ಕಡಿಮೆ ವ್ಯತ್ಯಾಸವಿದೆ ಎಂದು ತೋರಿಸಿದಾಗ ಆಟದ ಪಂಡಿತರಲ್ಲಿ ಅನೇಕರು ಅದನ್ನು ನಂಬಲೇ ಇಲ್ಲ. ಮುಂದಿನ ಅಧ್ಯಯನಗಳು ಆ ಮಾತನ್ನು ತುಸು ಮೆದುವಾಗಿಸಿದವು, ತಳ್ಳಿಹಾಕಲಿಲ್ಲ.

ಇಲ್ಲಿ ಬಹಳ ಜನ ಎಡವುತ್ತಾರೆ. ಪಿಚರ್‌ಗಳಿಗೆ ಹೊಂದುವ ಈ ತೀರ್ಮಾನವನ್ನು ಬ್ಯಾಟರ್‌ಗಳಿಗೂ ಹಾಗೆಯೇ ಅನ್ವಯಿಸಿ, 0.300ಕ್ಕಿಂತ ಮೇಲಿರುವುದೆಲ್ಲ ಅದೃಷ್ಟ ಎಂದುಬಿಡುತ್ತಾರೆ. ಅದು ತಪ್ಪು. ಇಚಿರೋ ಸುಜುಕಿ 2004ರಲ್ಲಿ ಸಿಯಾಟಲ್ ತಂಡಕ್ಕೆ ಆಡುತ್ತ 262 ಹಿಟ್‌ಗಳನ್ನು ಗಳಿಸಿದರು. ಒಂದೇ ಸೀಸನ್ನಿನಲ್ಲಿ ಅಷ್ಟು ಹಿಟ್ ಗಳಿಸಿದವರು ಮೇಜರ್ ಲೀಗ್ ಇತಿಹಾಸದಲ್ಲಿ ಬೇರೆ ಯಾರೂ ಇಲ್ಲ. ಆ ವರ್ಷ ಅವರ ಬ್ಯಾಬಿಪ್ 0.399. ಅದರಲ್ಲಿ ಅದೃಷ್ಟದ ಪಾಲು ಖಂಡಿತ ಇತ್ತು, ಆದರೆ ಇಡೀ ಮೇಜರ್ ಲೀಗ್ ಬದುಕಿನ ಲೆಕ್ಕದಲ್ಲೂ ಅವರ ಬ್ಯಾಬಿಪ್ 0.338. ಸುಮಾರು ಹತ್ತು ಸಾವಿರ ಸರದಿಗಳ ಉದ್ದಕ್ಕೂ ಯಾರ ಅದೃಷ್ಟವೂ ಹಾಗೆ ಕೈಹಿಡಿಯುವುದಿಲ್ಲ. ಎಡಗೈ ಬ್ಯಾಟರ್ ಆದ್ದರಿಂದ ಅವರು ಮೊದಲ ಬೇಸಿಗೆ ಒಂದೆರಡು ಹೆಜ್ಜೆ ಹತ್ತಿರ ನಿಲ್ಲುತ್ತಿದ್ದರು. ಬ್ಯಾಟು ಚೆಂಡಿಗೆ ತಾಗುವ ಹೊತ್ತಿಗೆ ಅವರ ಮೈ ಓಟಕ್ಕೆ ಅಣಿಯಾಗಿ ಮುಂದೆ ಬಾಗಿರುತ್ತಿತ್ತು. ನೆಲದ ಮೇಲೆ ಉರುಳುವ ಚೆಂಡನ್ನು ಬೇಸ್‌ಗಳ ಬಳಿ ನಿಲ್ಲುವ ಇನ್‌ಫೀಲ್ಡರ್ ಹೆಕ್ಕಿ ಎಸೆಯುವಷ್ಟರಲ್ಲಿ ಅವರು ಬೇಸ್ ಮುಟ್ಟಿರುತ್ತಿದ್ದರು. ಬೇರೊಬ್ಬ ಬ್ಯಾಟರ್‌ಗೆ ಔಟಾಗುವ ಚೆಂಡು ಅವರಿಗೆ ಹಿಟ್ ಆಗುತ್ತಿತ್ತು. ಇದನ್ನು ಅದೃಷ್ಟ ಎನ್ನುವುದು ಒಬ್ಬ ಕುಶಲಿಗೆ ಮಾಡುವ ಅನ್ಯಾಯ. ಬ್ಯಾಟರ್‌ನ ಬ್ಯಾಬಿಪ್ ಅನ್ನು ತೂಗಬೇಕಾದದ್ದು ಲೀಗ್‌ನ 0.300ರೊಂದಿಗಲ್ಲ, ಅವನದೇ ಹಲವು ವರ್ಷಗಳ ರೂಢಿಯೊಂದಿಗೆ.

ಇದಕ್ಕೆ ಲೂಯಿಸ್ ಅರಾಯೆಜ್ ಅವರ ದಾಖಲೆ ಇನ್ನೂ ಒಳ್ಳೆಯ ನಿದರ್ಶನ. 2022ರಲ್ಲಿ ಮಿನೆಸೋಟ, 2023ರಲ್ಲಿ ಮಯಾಮಿ, 2024ರಲ್ಲಿ ಸ್ಯಾನ್ ಡಿಯಾಗೊ ತಂಡದಲ್ಲಿದ್ದು, ಸಾಲಾಗಿ ಮೂರು ವರ್ಷ, ಮೂರು ಬೇರೆ ತಂಡಗಳಲ್ಲಿ ಅವರು ತಮ್ಮ ಲೀಗ್‌ನ ಅತ್ಯುನ್ನತ ಸರಾಸರಿಯ ಗೌರವ ಪಡೆದರು. 2024ರ ಇಡೀ ಸೀಸನ್ನಿನಲ್ಲಿ ಅವರು ಸ್ಟ್ರೈಕ್ ಔಟ್ ಆದದ್ದು 29 ಸಲ ಮಾತ್ರ. ಕೌಶಲ ಎಂದರೆ ಇದು. ಊರೂರಿಗೆ ಅದು ಅವರ ಜೊತೆಯಲ್ಲೇ ಹೋಯಿತು. ಆದರೂ ಆ ಮೂರು ವರ್ಷಗಳ ಸರಾಸರಿಗಳು 0.316, 0.354, 0.314. ಒಂದೇ ಬಗೆಯ ಬ್ಯಾಟಿಂಗ್, ಒಂದೇ ಬಗೆಯ ನಿಖರತೆ ಇದ್ದೂ ಅಂಕಿ ನಲವತ್ತು ಅಂಕಗಳಷ್ಟು ಏರಿ ಇಳಿಯಿತು. ಕ್ರಿಸ್ ಡೇವಿಸ್ ಅವರ ಅಲುಗದ ಅಂಕಿಯ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ. ಸ್ಥಿರವಾಗಿ ಕಂಡದ್ದು ಆಕಸ್ಮಿಕ, ತೂಗಾಡಿದ್ದು ಸಹಜ. ಅಂದಹಾಗೆ ಡೇವಿಸ್ ಅವರ ಸರಾಸರಿ 2019ರಲ್ಲಿ 0.220ಕ್ಕೆ ಇಳಿಯಿತು.

ಮೈದಾನದ ಮಾತನ್ನು ಹೆಚ್ಚು ಬೆಳೆಸುವುದಿಲ್ಲ. ಡೆನ್ವರ್ ನಗರ ಸಮುದ್ರಮಟ್ಟದಿಂದ ಒಂದು ಮೈಲಿ ಎತ್ತರದಲ್ಲಿದೆ. ಅಲ್ಲಿನ ತೆಳುವಾದ ಗಾಳಿಯಲ್ಲಿ ಚೆಂಡು ಹೆಚ್ಚು ದೂರ ಹೋಗುತ್ತದೆ, ಪಿಚರ್ ಎಸೆದ ಚೆಂಡು ಕಡಿಮೆ ತಿರುಗುತ್ತದೆ. ಬಾಸ್ಟನ್‌ನ ಫೆನ್‌ವೇ ಪಾರ್ಕಿನ ಎಡಬದಿಯಲ್ಲಿ 37 ಅಡಿ ಎತ್ತರದ ಗೋಡೆ ಹತ್ತಿರದಲ್ಲೇ ನಿಂತಿದೆ. ಇವು ಅದೃಷ್ಟವೂ ಅಲ್ಲ, ಕೌಶಲವೂ ಅಲ್ಲ. ಲೆಕ್ಕ ಹಾಕಿ ಕಳೆಯಬಹುದಾದ ಸಂಗತಿಗಳು, ಹಾಗೆ ಕಳೆಯುತ್ತಲೂ ಇದ್ದಾರೆ.

ಈಗ ನನ್ನ ಮಟ್ಟಿಗೆ ಈ ವಿಷಯದ ತಿರುಳಾದ ಪ್ರಶ್ನೆಗೆ ಬರುತ್ತೇನೆ. ಸೀಸನ್ನಿನ ಆರಂಭದಲ್ಲಿ ಒಬ್ಬ ಬ್ಯಾಟರ್‌ನ ನಲವತ್ತೈದು ಸರದಿಗಳನ್ನು ನೋಡಿದ್ದೇವೆ. ಮುಂದೆ ಅವನು ಹೇಗೆ ಆಡಿಯಾನು ಎಂದು ಹೇಳುವುದು ಹೇಗೆ? 1970ರ ದಶಕದಲ್ಲಿ ಬ್ರ್ಯಾಡ್ಲಿ ಎಫ್ರಾನ್ ಮತ್ತು ಕಾರ್ಲ್ ಮಾರಿಸ್ ಎಂಬ ಸಂಖ್ಯಾಶಾಸ್ತ್ರಜ್ಞರು ಇದೇ ಪ್ರಶ್ನೆಯನ್ನು 1970ರ ಸೀಸನ್ನಿನ 18 ಬ್ಯಾಟರ್‌ಗಳ ಮೇಲೆ ಪರೀಕ್ಷಿಸಿದರು. ಮೊದಲ 45 ಸರದಿಗಳಲ್ಲಿ ರೋಬೆರ್ಟೊ ಕ್ಲೆಮೆಂಟೆ 18 ಹಿಟ್ ಗಳಿಸಿ 0.400ರಲ್ಲಿದ್ದರು. ಹೊಸಬರಾದ ನ್ಯೂಯಾರ್ಕ್ ಯಾಂಕೀಸ್ ತಂಡದ ಥರ್ಮನ್ ಮನ್ಸನ್ ಎಂಟೇ ಹಿಟ್ ಗಳಿಸಿ 0.178ರಲ್ಲಿದ್ದರು. ಹದಿನೆಂಟು ಮಂದಿಯ ಒಟ್ಟು ಸರಾಸರಿ 0.265. ಚಾರ್ಲ್ಸ್ ಸ್ಟೈನ್ 1950ರ ದಶಕದಲ್ಲಿ ಕಂಡುಕೊಂಡಿದ್ದ ಸೂತ್ರದ ಪ್ರಕಾರ, ಪ್ರತಿಯೊಬ್ಬನ ಅಂಕಿಯನ್ನೂ ಗುಂಪಿನ ಸರಾಸರಿಯತ್ತ ಎಳೆಯಬೇಕು. ಅದೂ ಅಷ್ಟಿಷ್ಟಲ್ಲ, ಅಂತರದ ಐದರಲ್ಲಿ ನಾಲ್ಕು ಪಾಲಿನಷ್ಟು. ಹಾಗೆ ಎಳೆದಾಗ ಕ್ಲೆಮೆಂಟೆಯವರ ಅಂದಾಜು 0.294ಕ್ಕೆ ಇಳಿಯಿತು, ಮನ್ಸನ್ ಅವರದು 0.247ಕ್ಕೆ ಏರಿತು.

ಕೇಳಿದ ಕೂಡಲೇ ಮನಸ್ಸು ಒಪ್ಪುವುದಿಲ್ಲ. ಕ್ಲೆಮೆಂಟೆ ಹೇಗೆ ಆಡುತ್ತಾರೆಂದು ತಿಳಿಯಲು ಉಳಿದ ಹದಿನೇಳು ಮಂದಿಯ ಆಟವನ್ನೇಕೆ ನೋಡಬೇಕು? ಆದರೆ ಉಳಿದ ಸೀಸನ್ನಿನ ಅಂಕಿಗಳೊಂದಿಗೆ ತಾಳೆ ನೋಡಿದಾಗ, ಹೀಗೆ ಎಳೆದ ಅಂದಾಜುಗಳ ಒಟ್ಟು ತಪ್ಪು, ಮೊದಲ ಅಂಕಿಗಳನ್ನು ಹಾಗೇ ನಂಬಿದ್ದರೆ ಆಗುತ್ತಿದ್ದ ತಪ್ಪಿನ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ ಇತ್ತು. 0.378ರಲ್ಲಿದ್ದ ಫ್ರ್ಯಾಂಕ್ ರಾಬಿನ್ಸನ್ ಮುಂದೆ ಗಳಿಸಿದ್ದು 0.298. ಮನ್ಸನ್ ಉಳಿದ ಸೀಸನ್ನಿನಲ್ಲಿ 0.316 ಸರಾಸರಿಯಲ್ಲಿ ಆಡಿದರು, ಅಮೆರಿಕನ್ ಲೀಗ್‌ನ ಆ ವರ್ಷದ ಶ್ರೇಷ್ಠ ಹೊಸ ಆಟಗಾರ ಎಂಬ ಪ್ರಶಸ್ತಿ ಪಡೆದರು. ಆ ಎಂಟು ಹಿಟ್‌ಗಳನ್ನೇ ನೋಡಿ ತಂಡ ಅವರನ್ನು ಕೆಳಹಂತದ ಮೈನರ್ ಲೀಗ್‌ಗೆ ವಾಪಸು ಕಳಿಸಿದ್ದರೆ ಏನಾಗುತ್ತಿತ್ತು ಎಂದು ನಾನು ಆಗಾಗ ಯೋಚಿಸುತ್ತೇನೆ. ಏಪ್ರಿಲ್ ತಿಂಗಳ ನಲವತ್ತು ಐವತ್ತು ಸರದಿಗಳ ಮೇಲೆ ಹೊಸ ಹುಡುಗರ ಭವಿಷ್ಯ ತೀರ್ಮಾನವಾಗುವುದು ಈ ಆಟದಲ್ಲಿ ಅಪರೂಪವೇನಲ್ಲ. 45 ಸರದಿಗಳಲ್ಲಿ ಅದೃಷ್ಟದ ಅಲುಗಾಟ ಇಪ್ಪತ್ತು ಅಂಕವಲ್ಲ, ಅರವತ್ತೈದು ಅಂಕ. ಇದನ್ನು ತಿಳಿಯದೆ ಕೊಡುವ ತೀರ್ಪಿಗೆ ಬಲಿಯಾಗುವವರು ಹೆಚ್ಚಾಗಿ ಹೊಸಬರೇ, ಏಕೆಂದರೆ ಅವರ ಬೆನ್ನಿಗೆ ಹಳೆಯ ದಾಖಲೆಗಳ ಆಸರೆ ಇರುವುದಿಲ್ಲ.

ಸೂತ್ರವೂ ಎಡವಿತು ಎಂಬುದನ್ನು ಮರೆಮಾಚಬಾರದು. ಕ್ಲೆಮೆಂಟೆ ಉಳಿದ ಸೀಸನ್ನಿನಲ್ಲಿ ಗಳಿಸಿದ್ದು 0.294 ಅಲ್ಲ, 0.346. ಅವರು ಅದಕ್ಕೂ ಮುಂಚೆ ನಾಲ್ಕು ಸಲ ನ್ಯಾಷನಲ್ ಲೀಗ್‌ನ ಅತ್ಯುನ್ನತ ಸರಾಸರಿ ಗಳಿಸಿದ್ದವರು ಎಂಬುದು ಸೂತ್ರಕ್ಕೆ ಗೊತ್ತಿರಲಿಲ್ಲ, ನೋಡುಗರಿಗೆಲ್ಲ ಗೊತ್ತಿತ್ತು. ಈಚಿನ ವಿಶ್ಲೇಷಕರು ಅಂಥ ಹಿನ್ನೆಲೆಯನ್ನೂ ಸೇರಿಸಿಯೇ ಅಂದಾಜು ಕಟ್ಟುತ್ತಾರೆ. 2015ರಿಂದ ಮೇಜರ್ ಲೀಗ್‌ನ ಎಲ್ಲ ಮೈದಾನಗಳಲ್ಲೂ ‘ಸ್ಟ್ಯಾಟ್‌ಕಾಸ್ಟ್’ ವ್ಯವಸ್ಥೆ ಬ್ಯಾಟಿನಿಂದ ಚಿಮ್ಮಿದ ಚೆಂಡಿನ ವೇಗವನ್ನೂ ಕೋನವನ್ನೂ ಅಳೆಯುತ್ತದೆ. ಅದೇ ವೇಗ, ಅದೇ ಕೋನದಲ್ಲಿ ಹಿಂದೆ ಹೊಡೆದ ಚೆಂಡುಗಳಲ್ಲಿ ಎಷ್ಟು ಹಿಟ್ ಆಗಿದ್ದವೆಂದು ನೋಡಿ ‘ನಿರೀಕ್ಷಿತ ಸರಾಸರಿ’ಯನ್ನು ಲೆಕ್ಕ ಹಾಕುತ್ತಾರೆ. ನೇರವಾಗಿ ಫೀಲ್ಡರ್‌ನ ಎದೆಗೇ ಹೋದ ಬಲವಾದ ಹೊಡೆತಕ್ಕೂ ಇದರಲ್ಲಿ ತಕ್ಕ ಬೆಲೆ ಸಿಗುತ್ತದೆ. ಇದು ದೊಡ್ಡ ಮುನ್ನಡೆ ಎಂದೇ ನನ್ನ ಅಭಿಪ್ರಾಯ. ಆದರೆ ಚೆಂಡನ್ನು ಬೇಕಾದ ದಿಕ್ಕಿಗೆ ತಳ್ಳುವ ಜಾಣ್ಮೆಯನ್ನು ಈ ಲೆಕ್ಕ ಗಮನಿಸುವುದಿಲ್ಲ, ಹಾಗಾಗಿ ಅರಾಯೆಜ್ ಅವರಂಥ ಬ್ಯಾಟರ್‌ಗಳ ಎದುರು ಅದನ್ನು ಎಚ್ಚರಿಕೆಯಿಂದಲೇ ಬಳಸಬೇಕು.

0.400 ಏಕೆ ಮರೆಯಾಯಿತು ಎಂಬ ಹಳೆಯ ಪ್ರಶ್ನೆಗೂ ಇಲ್ಲಿ ಉತ್ತರವಿದೆ. ಟೆಡ್ ವಿಲಿಯಮ್ಸ್ 1941ರಲ್ಲಿ 456 ಸರದಿಗಳಲ್ಲಿ 185 ಹಿಟ್ ಗಳಿಸಿ 0.406 ತಲುಪಿದರು. ಆಮೇಲೆ ಅಮೆರಿಕನ್ ಲೀಗ್‌ನಲ್ಲಾಗಲಿ ನ್ಯಾಷನಲ್ ಲೀಗ್‌ನಲ್ಲಾಗಲಿ ಪೂರ್ಣ ಸೀಸನ್ನಿನಲ್ಲಿ 0.400ರ ಗಡಿ ಮುಟ್ಟಿದವರು ಯಾರೂ ಇಲ್ಲ. 1980ರಲ್ಲಿ ಕ್ಯಾನ್ಸಸ್ ಸಿಟಿಯ ಜಾರ್ಜ್ ಬ್ರೆಟ್ 449 ಸರದಿಗಳಲ್ಲಿ 175 ಹಿಟ್ ಗಳಿಸಿ 0.390ಕ್ಕೆ ನಿಂತರು, ಇನ್ನೈದು ಹಿಟ್ ಸಿಕ್ಕಿದ್ದರೆ 0.400 ಆಗುತ್ತಿತ್ತು. ಬ್ಯಾಟರ್‌ಗಳ ಮಟ್ಟ ಕುಸಿದಿದೆ ಎಂದು ಹಳಬರು ಹೇಳುತ್ತಾರೆ. ಜೀವವಿಕಾಸ ವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್ ಇದಕ್ಕೆ ತದ್ವಿರುದ್ಧವಾಗಿ ವಾದಿಸಿದರು: ಪಿಚರ್‌ಗಳು, ಫೀಲ್ಡರ್‌ಗಳು, ಬ್ಯಾಟರ್‌ಗಳು ಎಲ್ಲರ ಮಟ್ಟವೂ ಏರಿ ಒಬ್ಬರಿಗೊಬ್ಬರು ಸಮೀಪವಾದ್ದರಿಂದ, ಸರಾಸರಿಗಳ ಹರವು ದಶಕದಿಂದ ದಶಕಕ್ಕೆ ಕಿರಿದಾಗಿ, ಎರಡೂ ತುದಿಯ ಅಂಕಿಗಳು ಮಾಯವಾದವು ಎಂದು. ಬಿಲ್ ಟೆರಿ 1930ರಲ್ಲಿ 0.401 ಗಳಿಸಿದಾಗ ನ್ಯಾಷನಲ್ ಲೀಗ್‌ನ ಒಟ್ಟು ಸರಾಸರಿಯೇ 0.303 ಇತ್ತು, ವಿಲಿಯಮ್ಸ್ ಅವರ ವರ್ಷ ಅಮೆರಿಕನ್ ಲೀಗ್‌ನದು 0.266. ಕೌಶಲದ ಅಂತರ ಕಿರಿದಾದಷ್ಟೂ, ಉಳಿದ ಅಂತರದಲ್ಲಿ ಅದೃಷ್ಟದ ಪಾಲು ಹಿರಿದಾಗುತ್ತದೆ. ಆಟಗಾರರು ಚೆನ್ನಾಗಿ ಆಡತೊಡಗಿದ್ದರಿಂದಲೇ ಅದೃಷ್ಟದ ಕೈ ಮೇಲಾಯಿತು ಎಂಬುದು ಈ ವಿಷಯದಲ್ಲಿ ನನಗೆ ಅತ್ಯಂತ ಸೋಜಿಗದ ಸಂಗತಿ.

ಅದೇ 1941ರಲ್ಲಿ ಜೋ ಡಿಮ್ಯಾಜಿಯೊ ಸಾಲಾಗಿ 56 ಪಂದ್ಯಗಳಲ್ಲಿ ಒಂದೊಂದಾದರೂ ಹಿಟ್ ಗಳಿಸಿದರು. ಆ ಸೀಸನ್ನಿನ ಅವರ ಸರಾಸರಿ 0.357. ಪಂದ್ಯಕ್ಕೆ ನಾಲ್ಕು ಸರದಿ ಎಂದಿಟ್ಟುಕೊಂಡರೆ, ಅಂಥ ಬ್ಯಾಟರ್‌ಗೆ ಒಂದು ಪಂದ್ಯದಲ್ಲಿ ಕನಿಷ್ಠ ಒಂದು ಹಿಟ್ ಸಿಗುವ ಸಾಧ್ಯತೆ ಶೇಕಡ 83. ಗೊತ್ತುಪಡಿಸಿದ 56 ಪಂದ್ಯಗಳಲ್ಲೂ ಸಾಲಾಗಿ ಸಿಗುವ ಸಾಧ್ಯತೆ ಸುಮಾರು 36,000ದಲ್ಲಿ ಒಂದು. ಅದೃಷ್ಟ ಬೇಕೇ ಬೇಕು. ಆದರೆ 0.270 ಸರಾಸರಿಯ ಸಾಧಾರಣ ಬ್ಯಾಟರ್‌ಗೆ ಇದೇ ಲೆಕ್ಕ ಹಾಕಿ ನೋಡಿದರೆ ಸಾಧ್ಯತೆ ಸುಮಾರು 13 ಕೋಟಿಯಲ್ಲಿ ಒಂದಕ್ಕೆ ಕುಸಿಯುತ್ತದೆ. ಅದೃಷ್ಟ ಯಾರ ಬಾಗಿಲಿಗೆ ಬರಬಹುದು ಎಂಬುದನ್ನು ನಿರ್ಧರಿಸುವುದು ಕೌಶಲವೇ.

ಆ ಸರಣಿ ನಿಂತದ್ದು ಜುಲೈ 17ರ ರಾತ್ರಿ, ಕ್ಲೀವ್‌ಲ್ಯಾಂಡ್‌ನಲ್ಲಿ, 67,468 ಪ್ರೇಕ್ಷಕರ ಎದುರು. ಮೂರನೆಯ ಬೇಸ್ ಕಾಯುತ್ತಿದ್ದ ಕೆನ್ ಕೆಲ್ಟ್ನರ್ ಅಂದು ಅಂಗಳದ ಅಂಚಿನ ಗೆರೆಗೆ ಹತ್ತಿರವಾಗಿ, ಸಾಕಷ್ಟು ಹಿಂದೆ ಸರಿದು ನಿಂತಿದ್ದರು. ಮೊದಲ ಸರದಿಯಲ್ಲಿ ಡಿಮ್ಯಾಜಿಯೊ ಹೊಡೆದ ಬಿರುಸಿನ ಚೆಂಡು ಗೆರೆಯ ಗುಂಟ ನೆಲಕ್ಕಂಟಿಕೊಂಡೇ ಸಾಗಿತು. ಕೆಲ್ಟ್ನರ್ ಬಲಕ್ಕೆ ಹಾರಿ, ಮಗುಚಿದ ಕೈಯಲ್ಲಿ ಅದನ್ನು ಹಿಡಿದು, ಅಷ್ಟು ದೂರದಿಂದ ಮೊದಲ ಬೇಸಿಗೆ ಎಸೆದರು. ಕೂದಲೆಳೆಯ ಅಂತರದಲ್ಲಿ ಔಟ್. ಎರಡನೆಯ ಸಲ ವಾಕ್. ಏಳನೆಯ ಇನ್ನಿಂಗ್ಸ್‌ನಲ್ಲಿ ಅಂಥದೇ ಹೊಡೆತ, ಅಂಥದೇ ಹಿಡಿತ, ಅಂಥದೇ ಎಸೆತ. ಎಂಟನೆಯದರಲ್ಲಿ ಮೂರೂ ಬೇಸ್‌ಗಳು ತುಂಬಿದ್ದಾಗ ಹೊಡೆದ ಚೆಂಡು ಎರಡನೆಯ ಮತ್ತು ಮೂರನೆಯ ಬೇಸ್‌ಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಲೂ ಬೂಡ್ರೋ ಎದುರು ಅನಿರೀಕ್ಷಿತವಾಗಿ ಪುಟಿಯಿತು, ಆದರೂ ಅವರ ಕೈಗೇ ಸಿಕ್ಕಿತು. ಮರುದಿನ ಡಿಮ್ಯಾಜಿಯೊ ಮತ್ತೆ ಹಿಟ್ ಗಳಿಸತೊಡಗಿ ಇನ್ನೂ 16 ಪಂದ್ಯಗಳವರೆಗೆ ಬಿಡದೆ ಗಳಿಸಿದರು. ಕೆಲ್ಟ್ನರ್ ತಡೆದ ಎರಡು ಚೆಂಡುಗಳಲ್ಲಿ ಒಂದೇ ಒಂದು ಅವರ ಕೈಗವಸನ್ನು ದಾಟಿದ್ದರೂ ಆ ಸರಣಿ 73 ಪಂದ್ಯಗಳದ್ದಾಗುತ್ತಿತ್ತು.